ಗಾಳಿಗೂ ಬಾಡಿಗೆ

ಕಾರಿನ ಬಂಪರನ್ನು ಒಂದೇ ಕೈಯಲ್ಲಿ ಎತ್ತಬಹುದು. ಪ್ಲಾಸ್ಟಿಕ್ಕಿನದು, ಸಣ್ಣ ಕಾರಿನದಾದರೆ ನಾಲ್ಕೈದು ಕೆ.ಜಿ. ತೂಗಿದರೆ ಹೆಚ್ಚು. ಅದಕ್ಕೆ ರಟ್ಟು ಸುತ್ತಿ ಬೆಂಗಳೂರಿನ ಯಾವುದಾದರೂ ಕೊರಿಯರ್ ಕೌಂಟರಿನ ಮುಂದೆ ಇಟ್ಟು ನೋಡಿ. ಅಲ್ಲಿನ ಹುಡುಗ ತಕ್ಕಡಿಯ ಕಡೆ ತಿರುಗುವುದೇ ಇಲ್ಲ, ಅಳತೆ ಟೇಪು ತೆಗೆಯುತ್ತಾನೆ. ಉದ್ದ 180 ಸೆಂ.ಮೀ., ಅಗಲ 60, ಎತ್ತರ 50. ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾನೆ. ಬಿಲ್ಲಿನಲ್ಲಿ 108 ಕೆ.ಜಿ. ಎಂದು ಬರುತ್ತದೆ. ಐದು ಕೆ.ಜಿ. ಬಂಪರು, ಉಳಿದ 103 ಕೆ.ಜಿ. ಗಾಳಿ.

ಹುಡುಗ ಮೋಸ ಮಾಡುತ್ತಿಲ್ಲ. ವಾಹನದೊಳಗೆ ಸರಕು ಎಷ್ಟು ಜಾಗ ತಿನ್ನುತ್ತದೋ ಅಷ್ಟಕ್ಕೆ ಬಾಡಿಗೆ ಹಾಕುವುದು ಜಗತ್ತಿನೆಲ್ಲೆಡೆ ಇರುವ ಪದ್ಧತಿ. ವಿಮಾನದ ಸರಕಿಗೆ ಸಾಮಾನ್ಯವಾಗಿ 6000ದಿಂದ ಭಾಗಿಸುತ್ತಾರೆ, ತುರ್ತು ಕೊರಿಯರಿನವರು 5000ದಿಂದ. ನಮ್ಮ ಪಾರ್ಸೆಲ್ ಲಾರಿಯವರು ಘನ ಅಡಿ ಲೆಕ್ಕ ಹಿಡಿದು, ಒಂದು ಘನ ಅಡಿಗೆ ಇಷ್ಟು ಕೆ.ಜಿ. ಎಂದು ಅವರವರದೇ ದರ ಇಟ್ಟುಕೊಂಡಿರುತ್ತಾರೆ. ಆರರಿಂದ ಹತ್ತರವರೆಗೂ ಇರುತ್ತದೆ. ಮೇಲಿನ ಬಂಪರು ಹತ್ತೊಂಬತ್ತು ಘನ ಅಡಿ ಚಿಲ್ಲರೆ ಆಗುತ್ತದೆ. ಹತ್ತರ ಲೆಕ್ಕ ಹಿಡಿಯುವವರ ಕೈಗೆ ಸಿಕ್ಕರೆ 190 ಕೆ.ಜಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ರಸ್ತೆಯಲ್ಲಿ ಹೋಗುವ ಸಣ್ಣ ಪೊಟ್ಟಣಗಳಿಗೆ ಈ ಲೆಕ್ಕದಿಂದ ವಿನಾಯಿತಿ ಇತ್ತು. ಫೆಡೆಕ್ಸ್, ಯುಪಿಎಸ್ ಎರಡೂ 2015ರ ಹೊಸ ವರ್ಷದ ಹೊತ್ತಿಗೆ ಅದನ್ನು ತೆಗೆದುಹಾಕಿದವು. ಆನ್‌ಲೈನ್ ವ್ಯಾಪಾರದ ಗಾಳಿ ತುಂಬಿದ ಡಬ್ಬಗಳಿಂದ ಲಾರಿಗಳು ತುಂಬುತ್ತಿದ್ದವು, ತೂಕ ಮಾತ್ರ ಬರುತ್ತಿರಲಿಲ್ಲ.

ಈ ಗಣಿತ ಬೆಂಗಳೂರಿನಲ್ಲಿ ಕೂತವರನ್ನು ಅಷ್ಟು ಕಾಡುವುದಿಲ್ಲ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ, ಆಟೊದೊಳಗೆ ಅಡ್ಡ ಇಟ್ಟು, ಒಂದು ತುದಿ ಹೊರಗೆ ಚಾಚಿಸಿ ಮನೆಗೆ ತಂದುಬಿಡುತ್ತಾರೆ. ಕಾಡುವುದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂಥ ಊರಿನಲ್ಲಿ.

ಹರದನಹಳ್ಳಿಯನ್ನು ಓದುಗರಿಗೆ ಪರಿಚಯಿಸಬೇಕಿಲ್ಲ. 1933ರ ಮೇ 18ರಂದು ಎಚ್.ಡಿ. ದೇವೇಗೌಡರು ಹುಟ್ಟಿದ ಊರು. ಅವರ ಹೆಸರಿನ ಮೊದಲಕ್ಷರವೇ ಅದು. ಚುನಾವಣೆ ಬಂದಾಗ ಅಲ್ಲಿನ ಶಿವನ ಗುಡಿಯ ಮುಂದೆ ಸಾಲುಗಟ್ಟುವ ಕಾರುಗಳನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಆ ಕಾರುಗಳು ಸಂಜೆಗೆ ಹೊರಟುಹೋಗುತ್ತವೆ. ಉಳಿದ ದಿನಗಳಲ್ಲಿ ಊರಿನವರ ಹಟ್ಟಿ ಮುಂದೆ ನಿಂತಿರುವುದು ಹತ್ತು ವರ್ಷ ಹಳೆಯ ಸ್ವಿಫ್ಟು, ಆಲ್ಟೊ, ಎಲ್ಲೋ ಒಂದು ಕ್ವಾಲಿಸ್. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು, ಬಣ್ಣ ಬಳಿಯದ ಹಂಪು, ಸಂಜೆ ಹೊತ್ತು ರಸ್ತೆ ದಾಟುವ ದನ. ಇವುಗಳಲ್ಲಿ ಯಾವುದಾದರೊಂದು ವರ್ಷಕ್ಕೊಂದು ಬಂಪರನ್ನೋ ಬಾನೆಟ್ಟನ್ನೋ ತೆಗೆದುಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಪ್ಯಾಡು ಕೆಟ್ಟರೆ ಹೊಳೆನರಸೀಪುರದಲ್ಲೇ ಸಿಗುತ್ತವೆ, ಜೇಬಿನಲ್ಲಿ ಹಾಕಿಕೊಂಡು ಬರಬಹುದು. ಬಾನೆಟ್ ಸಿಗುವುದಿಲ್ಲ. ಒಂದೊಂದು ಮಾದರಿಗೂ ಒಂದೊಂದು ಬಾನೆಟ್ ತಂದು ಗೋಡೆಗೆ ಒರಗಿಸಿಡಲು ತಾಲ್ಲೂಕು ಕೇಂದ್ರದ ಯಾವ ಸ್ಪೇರ್ಸ್ ಅಂಗಡಿಯವನಿಗೂ ಜಾಗವಿಲ್ಲ.

ಬಿಡದಿಯವರು ಕಲಿತದ್ದು

ದೊಡ್ಡ ಬಾಡಿ ಪಾರ್ಟು ಸಾಗಿಸುವುದು ನಷ್ಟದ ಕೆಲಸ ಎಂದು ಮೊದಲು ಅರಿತವರು ಕಾರು ತಯಾರಿಸುವವರೇ. ಬಾನೆಟ್, ಬಾಗಿಲಿನ ತಗಡನ್ನು ಅವರು ತಯಾರಾದ ರೂಪದಲ್ಲಿ ದೂರದಿಂದ ತರಿಸುವುದು ಕಡಿಮೆ. ಉಕ್ಕಿನ ಹಾಳೆ ಸುರುಳಿಯಾಗಿ ಬರುತ್ತದೆ, ಒತ್ತುವುದು ಕಾರ್ಖಾನೆಯಲ್ಲೋ ಅದರ ಪಕ್ಕದಲ್ಲೋ. ಸುರುಳಿಯಲ್ಲಿ ಗಾಳಿ ಇರುವುದಿಲ್ಲವಲ್ಲ. ಬಂಪರು, ಡ್ಯಾಶ್‌ಬೋರ್ಡಿನಂಥ ಪ್ಲಾಸ್ಟಿಕ್ ಭಾಗ ಮಾಡುವವರನ್ನು ತಮ್ಮ ಕಾಂಪೌಂಡಿನ ಹತ್ತಿರಕ್ಕೇ ಕರೆಸಿಕೊಳ್ಳುತ್ತಾರೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಶುರುವಾದ ಕಂಪನಿ. ಅದಕ್ಕೆ ಬಿಡಿಭಾಗ ಸಾಗಿಸುವುದಕ್ಕೆಂದೇ ಸಾಗಣೆ ಕಂಪನಿ ಟಿಸಿಐ ಮತ್ತು ಜಪಾನಿನ ಮಿತ್ಸುಯಿ ಸೇರಿ ಪ್ರತ್ಯೇಕ ಕಂಪನಿ ಕಟ್ಟಿದವು. ಹಾಲಿನ ವ್ಯಾನು ಊರೂರು ಸುತ್ತಿ ಕ್ಯಾನು ಎತ್ತಿಕೊಂಡು ಡೇರಿಗೆ ಬರುವಂತೆ, ಒಂದೇ ಲಾರಿ ಹತ್ತಾರು ಪೂರೈಕೆದಾರರ ಬಾಗಿಲಿಗೆ ಹೋಗಿ ಅಂದಂದಿನ ಸರಕು ತುಂಬಿಕೊಂಡು ಬರುತ್ತದೆ. ಆ ಪದ್ಧತಿಯ ಹೆಸರೂ ಮಿಲ್ಕ್ ರನ್ ಎಂದೇ.

ಅಂಥ ಲಾರಿಯೊಳಗೆ ರಟ್ಟಿನ ಡಬ್ಬ ಕಾಣುವುದು ಕಡಿಮೆ. ಕಬ್ಬಿಣದ ಚೌಕಟ್ಟು, ಅದರಲ್ಲಿ ರಬ್ಬರ್ ಹಚ್ಚಿದ ಸಂದುಗಳು, ಒಂದೊಂದು ಸಂದಿನಲ್ಲಿ ಒಂದೊಂದು ಭಾಗ. ಎಲ್ಲವೂ ನಿಂತಿರುತ್ತವೆ, ಯಾವುದೂ ಮಲಗಿರುವುದಿಲ್ಲ. ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ. ಖಾಲಿ ಚೌಕಟ್ಟು ಅದೇ ಲಾರಿಯಲ್ಲಿ ವಾಪಸ್ಸು ಹೋಗುತ್ತದೆ. ಹರದನಹಳ್ಳಿಯವನಿಗೆ ಆ ಚೌಕಟ್ಟು ಸಿಗುವುದಿಲ್ಲ. ಆದರೆ ಅದರ ಹಿಂದಿರುವ ಬುದ್ಧಿಗೆ ಕಾಸು ಕೊಡಬೇಕಿಲ್ಲ. ನಿಲ್ಲಿಸು, ಅಲುಗದಂತೆ ಹಿಡಿ, ಕೈ ಬದಲಾಗುವುದನ್ನು ಕಡಿಮೆ ಮಾಡು, ಗಾಳಿ ಹೊರಬೇಡ.

ತರಿಸಲೇಬೇಕೇ?

ಬಾಡಿಗೆಯ ಮಾತಿಗೆ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಕಡೆ ಬಹಳ ಜನ ಕೇಳಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಯಾರೋ ಗೊತ್ತಿರುವವರು ಹತ್ತು ಪರ್ಸೆಂಟ್ ಕಡಿಮೆಗೆ ಕೊಡಿಸುತ್ತಾರೆ ಎಂದ ಕೂಡಲೇ ದುಡ್ಡು ಫೋನಿನಲ್ಲಿ ಹೋಗಿಬಿಡುತ್ತದೆ. ಹೊಸ ಕಂಪನಿ ಪಾರ್ಟು ಬೇಕಿದ್ದರೆ ಹಾಸನದ ಅಧಿಕೃತ ಡೀಲರಿನ ಸ್ಪೇರ್ಸ್ ಕೌಂಟರಿನಲ್ಲಿ ಹೇಳಿ ತರಿಸುವುದೇ ಅನೇಕ ಸಲ ಅಗ್ಗ. ಪೆಟ್ಟಿಗೆಯ ಮೇಲೆ ಎಂ.ಆರ್.ಪಿ. ಇರುತ್ತದೆ, ತೆರಿಗೆಯೂ ಅದರೊಳಗೇ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಲ್ಲಿಯವರೆಗಿನ ಸಾಗಣೆ, ದಾರಿಯಲ್ಲಿ ಆದ ತಗ್ಗು ಅವರ ತಲೆನೋವು. ಕೌಂಟರಿನ ಮುಂದೆಯೇ ಬಿಚ್ಚಿಸಿ ನೋಡಿ, ಗೀರಿದ್ದರೆ ಬೇಡ ಎನ್ನಬಹುದು. ಕಾರಿನ ಬಿಡಿಭಾಗಗಳ ಮೇಲಿನ ಜಿ.ಎಸ್‌.ಟಿ. 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಹಳೆಯ ಬೆಲೆಯನ್ನೇ ತಲೆಯಲ್ಲಿಟ್ಟುಕೊಂಡು ಶೋರೂಮು ದುಬಾರಿ ಎಂದು ದೂರ ಸರಿಯುವವರು ಒಮ್ಮೆ ಫೋನು ಮಾಡಿ ಕೇಳುವುದು ಒಳ್ಳೆಯದು.

ಇನ್ನೊಂದು ದಾರಿ, ಹಳೆಯದನ್ನೇ ರಿಪೇರಿ ಮಾಡಿಸುವುದು. ಬಂಪರಿನ ಒಳಮೈ ತಿರುಗಿಸಿ ನೋಡಿದರೆ ಎಲ್ಲೋ ಒಂದು ಕಡೆ ‘ಪಿಪಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಪಾಲಿಪ್ರೊಪಿಲೀನ್. ಕಾಯಿಸಿದರೆ ಕರಗುವ, ಕರಗಿ ಮತ್ತೆ ಕೂಡಿಕೊಳ್ಳುವ ಪ್ಲಾಸ್ಟಿಕ್ಕು. ಸೀಳನ್ನು ಅದೇ ಜಾತಿಯ ಕಡ್ಡಿಯಿಂದ ಬೆಸೆದು, ಹಿಂದಿನಿಂದ ಬಿಸಿ ತಂತಿಯ ಪಿನ್ನು ಹೂತರೆ ಗಟ್ಟಿ ನಿಲ್ಲುತ್ತದೆ. ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳ ಪೇಂಟಿಂಗ್ ಶೆಡ್ಡುಗಳಿಗೆ ಇದು ಹೊಸ ವಿದ್ಯೆಯಲ್ಲ. ಒಡೆದದ್ದು ಮೈಯಾದರೆ ಬೆಸೆಯಬಹುದು. ಫೆಂಡರಿಗೆ ಸಿಕ್ಕಿಕೊಳ್ಳುವ ಕಿವಿಗಳು, ಲಾಕುಗಳು ಸಾಲಾಗಿ ಹಾರಿಹೋಗಿದ್ದರೆ ಬೇರೆ ತರಿಸುವುದೇ ಸರಿ. ಬೆಸೆದ ಕಿವಿ ಮುಂದಿನ ಹಂಪಿನಲ್ಲೇ ಕಳಚಿಕೊಳ್ಳುತ್ತದೆ.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಸವಕಳಿ ಮನ್ನಾ ಮಾಡುವ ಹೆಚ್ಚುವರಿ ಕವರ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರು, ನೈಲಾನ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತವಾಗುತ್ತದೆ, ಕಾರು ಎಷ್ಟೇ ಹೊಸದಿರಲಿ. ತಗಡಿನ ಭಾಗವಾದರೆ ಕಾರಿನ ವಯಸ್ಸು ನೋಡುತ್ತಾರೆ: ಮೊದಲ ಆರು ತಿಂಗಳು ಕಡಿತವಿಲ್ಲ, ಐದು ವರ್ಷ ದಾಟಿದರೆ ನೂರಕ್ಕೆ 40, ಹತ್ತು ದಾಟಿದರೆ 50. ಹತ್ತು ವರ್ಷದ ಕಾರಿನವನು ಗುಜರಿಯ ದಾರಿ ಹಿಡಿಯುವುದು ಈ ಕಾರಣಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ.

ಶಿವಾಜಿನಗರದಿಂದ

ಹಳೆಯ ಕಾರಿನ ಮೈ ಬೇಕಾದವರಿಗೆ ದೇಶದಲ್ಲಿ ಕೆಲವು ತೀರ್ಥಕ್ಷೇತ್ರಗಳಿವೆ: ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ನಮಗೆ ಶಿವಾಜಿನಗರದ ಗುಜರಿ. ಮೀರತ್ತಿನ ಸೋತಿಗಂಜ್ ಕೂಡ ಇತ್ತು. ಕದ್ದ ವಾಹನ ಕಡಿಯುವ ದಂಧೆಯೆಂದು ಅಲ್ಲಿನ ಪೊಲೀಸರು 2021ರ ಡಿಸೆಂಬರಿನಲ್ಲಿ ಬಾಗಿಲು ಹಾಕಿಸಿದರು. ಆದ್ದರಿಂದ ಗುಜರಿಯಲ್ಲಿ ಕೊಂಡರೂ ಬಿಲ್ಲು ಇರಲಿ. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಅಪರಾಧ. ಪಾರ್ಸೆಲ್ ಆಫೀಸಿನವರೂ ಬಿಲ್ಲು ಕೇಳುತ್ತಾರೆ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲು ಬೇಕು. ಒಂದು ಬಾನೆಟ್ಟಿಗೆ ಆ ಗೊಡವೆ ಬರುವುದಿಲ್ಲ. ಅಪಘಾತವಾದ ಕಾರಿಗೆ ಇಡೀ ಮುಂಭಾಗವನ್ನೇ ತರಿಸುವವರು ನೋಡಿಕೊಳ್ಳಬೇಕು.

ಗುಜರಿಯಲ್ಲಿ ನಮ್ಮ ಕಾರಿನದೇ ಬಣ್ಣದ ಬಾಗಿಲು ಸಿಕ್ಕರೆ ಜನ ಹಬ್ಬ ಮಾಡುತ್ತಾರೆ. ನನಗೆ ಆ ಉತ್ಸಾಹ ಇಲ್ಲ. ಬಣ್ಣವಿದ್ದ ಭಾಗ ದಾರಿಯಲ್ಲಿ ಒಂದು ಗೀರು ಕಂಡರೂ ಕೊಟ್ಟ ಹೆಚ್ಚುವರಿ ದುಡ್ಡೆಲ್ಲ ವ್ಯರ್ಥ. ಹತ್ತು ವರ್ಷ ಬೇರೆ ಬೇರೆ ಬಿಸಿಲಲ್ಲಿ ನಿಂತ ಎರಡು ಬಿಳಿಗಳು ಒಂದೇ ಬಿಳಿಯಾಗಿ ಉಳಿದಿರುವುದೂ ಇಲ್ಲ. ಹೇಗೂ ಹಾಸನದಲ್ಲಿ ಬಣ್ಣ ಹೊಡೆಸುವುದಾದರೆ, ನೇರವಾದ ತಗಡು, ಸರಿಯಾದ ಅಂಚು, ಮುರಿಯದ ಕಿವಿ ಇದ್ದರೆ ಸಾಕು. ಬಣ್ಣ ಯಾವುದಾದರೂ ಇರಲಿ. ಹೊಸ ಭಾಗವೂ ಬಣ್ಣವಿಲ್ಲದೆ ಕಪ್ಪು ಅಥವಾ ಬೂದು ಪ್ರೈಮರಿನಲ್ಲಿ ಬಂದರೇ ಕ್ಷೇಮ. ಆ ಪ್ರೈಮರನ್ನು ವಿದ್ಯುತ್ ಹಾಯಿಸಿದ ತೊಟ್ಟಿಯಲ್ಲಿ ಅದ್ದಿ ಹಿಡಿಸಿರುತ್ತಾರೆ, ಮೂಲೆ ಮೂಲೆಗೂ ಕೂತಿರುತ್ತದೆ. ತುಕ್ಕಿಗೆ ಅದೇ ಬೇಲಿ. ಸಾಗಣೆಯಲ್ಲಿ ಅದು ಕೆರೆದು ತಗಡು ಹೊಳೆಯುವಂತಾಗಿದ್ದರೆ ಬಣ್ಣ ಹಾಕುವ ಮುನ್ನ ಪೇಂಟರಿಗೆ ತೋರಿಸಿ. ಮೇಲೆ ಪುಟ್ಟಿ ಮೆತ್ತಿ ಮುಚ್ಚಿದರೆ ಎರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ಕೊಂಡ ಕೂಡಲೇ ಕಟ್ಟಿಸಬಾರದು, ಮೊದಲು ಬಿಚ್ಚಿಸಬೇಕು. ಬಾಗಿಲಿನಿಂದ ಗಾಜು, ಕನ್ನಡಿ, ಹಿಡಿ. ಬಂಪರಿನಿಂದ ಗ್ರಿಲ್ಲು, ಫಾಗ್ ಲ್ಯಾಂಪು, ಸೆನ್ಸರು. ಇವನ್ನು ಬೇರೆ ಸಣ್ಣ ಡಬ್ಬದಲ್ಲಿ ಕಳಿಸಿದರೆ ಅವೂ ಉಳಿಯುತ್ತವೆ, ದೊಡ್ಡ ಭಾಗದ ಉಬ್ಬೂ ಇಳಿಯುತ್ತದೆ. ಉಬ್ಬು ಇಳಿದರೆ ಬಾಡಿಗೆ ಇಳಿಯಿತೆಂದೇ ಲೆಕ್ಕ. ಮೊದಲು ಹೇಳಿದ ಬಂಪರನ್ನೇ ತೆಗೆದುಕೊಳ್ಳಿ. ಅಂಗಡಿಯವನು ಧಾರಾಳವಾಗಿ ಸುತ್ತಿದ್ದ ರಟ್ಟು ಬಿಚ್ಚಿ, ಮೈಗೆ ಅಂಟುವಂತೆ ಸುತ್ತಿ, 175, 50, 45 ಸೆಂ.ಮೀ.ಗೆ ತಂದರೆ 108 ಹೋಗಿ 79 ಕೆ.ಜಿ. ಆಗುತ್ತದೆ. ಈಗಿನ ಸ್ವಿಫ್ಟ್ ಕಾರಿನ ಅಗಲವೇ 1,735 ಮಿ.ಮೀ. ಇರುವುದರಿಂದ ಉದ್ದದಲ್ಲಿ ಇದಕ್ಕಿಂತ ಹೆಚ್ಚು ಉಳಿಸಲಾಗದು; ಉಳಿತಾಯವೆಲ್ಲ ಅಗಲ ಎತ್ತರಗಳಲ್ಲಿ. ಅಕ್ಕಪಕ್ಕದ ಇಬ್ಬರಿಗೆ ಬಂಪರು ಬೇಕಿದ್ದರಂತೂ ಒಂದರ ಹೊಟ್ಟೆಯೊಳಗೆ ಒಂದನ್ನು ಕೂರಿಸಬಹುದು. ಉಬ್ಬು ಹತ್ತು ಸೆಂ.ಮೀ. ಏರುತ್ತದೆ, ಬಾಡಿಗೆ ಇಬ್ಬರಿಗೂ ಹಂಚಿಹೋಗುತ್ತದೆ. ಗ್ಯಾರೇಜಿನವರು ವಾರಕ್ಕೊಮ್ಮೆ ಆರ್ಡರು ಒಟ್ಟುಮಾಡಿ ತರಿಸುವುದು ಇದಕ್ಕೇ. ಅವಸರ ಇಲ್ಲದವರು ಆ ಸರತಿಯಲ್ಲಿ ನಿಲ್ಲುವುದು ಜಾಣತನ.

ಯಾವ ಗಾಡಿ?

ಬೆಂಗಳೂರಿನಿಂದ ಹಾಸನ 185 ಕಿ.ಮೀ. ಆಸುಪಾಸು, ಅಲ್ಲಿಂದ ಹೊಳೆನರಸೀಪುರ ಮೂವತ್ತು ಚಿಲ್ಲರೆ. ಪಾರ್ಸೆಲ್ ಲಾರಿಯ ವ್ಯಾಪಾರದಲ್ಲಿ ಕನ್ನಡಿಗರದು ದೊಡ್ಡ ಹೆಸರು. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುಮಾಡಿದ ವಿಆರ್‌ಎಲ್ ಇಂದು ದೇಶದ ದೊಡ್ಡ ಸಾಗಣೆ ಕಂಪನಿಗಳಲ್ಲೊಂದು. ಕಲಾಸಿಪಾಳ್ಯದ ಸುತ್ತ ಸಣ್ಣಪುಟ್ಟ ಪಾರ್ಸೆಲ್ ಆಫೀಸುಗಳೂ ಬೇಕಾದಷ್ಟಿವೆ. ಈ ವ್ಯಾಪಾರದ ಜೀವಾಳ ಒಟ್ಟುಗೂಡಿಸುವುದು: ಹತ್ತು ಜನರ ಹತ್ತು ತರದ ಸರಕನ್ನು ಒಂದು ಲಾರಿಗೆ ತುಂಬುವುದು. ಅಗ್ಗವಾಗುವುದೂ ಅದರಿಂದ, ಬಾನೆಟ್ ಬಾಗುವುದೂ ಅದರಿಂದಲೇ. ಬುಕಿಂಗ್ ಆಫೀಸಿನಿಂದ ಸಣ್ಣ ಗಾಡಿ, ಅದರಿಂದ ದೊಡ್ಡ ಗೋಡೌನು, ಅಲ್ಲಿಂದ ರಾತ್ರಿ ಲಾರಿ, ಹಾಸನದ ಗೋಡೌನು, ಮತ್ತೆ ಸಣ್ಣ ಗಾಡಿ. ಪ್ರತಿ ಸಲ ಇಳಿಸಿ ಏರಿಸುವಾಗಲೂ ಹೊಸ ಹಮಾಲಿಗಳ ಕೈ. ಓಡುವ ಲಾರಿಯಲ್ಲಿ ಆಗುವ ಹಾನಿಗಿಂತ ನಿಂತ ಲಾರಿಯ ಬಾಲದ ಹತ್ತಿರ ಆಗುವುದು ಹೆಚ್ಚು.

ಆದ್ದರಿಂದ ದರ ಕೇಳುವ ಮೊದಲು ಕೇಳಬೇಕಾದದ್ದು, ಎಷ್ಟು ಕಡೆ ಇಳಿಸುತ್ತೀರಿ ಎಂದು. ಚನ್ನರಾಯಪಟ್ಟಣ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನಕ್ಕಿಂತ ಮೊದಲೇ ಸಿಗುತ್ತದೆ; ಅಲ್ಲಿಂದ ಹೊಳೆನರಸೀಪುರಕ್ಕೆ ನೇರ ರಸ್ತೆ ಇದೆ. ಚನ್ನರಾಯಪಟ್ಟಣಕ್ಕೆಂದು ಬುಕ್ ಮಾಡಿದ ಪಾರ್ಸೆಲ್ಲು ಅಲ್ಲೇ ಇಳಿಯುತ್ತದೋ, ಅಥವಾ ಲಾರಿ ಹಾಸನಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಹಿಂದಕ್ಕೆ ಬರುತ್ತದೋ? ಮೊದಲನೆಯದಾದರೆ ಅಲ್ಲಿಗೇ ಹೋಗಿ ಎತ್ತಿಕೊಳ್ಳುವುದು ಲೇಸು. ಎರಡನೆಯದಾದರೆ ಹಾಸನದಲ್ಲೇ ಗೋಡೌನ್ ಡೆಲಿವರಿ ತೆಗೆದುಕೊಳ್ಳಬೇಕು. ಡೋರ್ ಡೆಲಿವರಿ ಎಂಬುದು ಕೇಳಲು ಸುಖ, ಒಂದು ಏರಿಳಿತ ಹೆಚ್ಚು.

ಕೆ.ಎಸ್‌.ಆರ್‌.ಟಿ.ಸಿ.ಯ ಬಸ್ಸಿನಲ್ಲೇ ಪಾರ್ಸೆಲ್ ಸಾಗಿಸುವ ‘ನಮ್ಮ ಕಾರ್ಗೋ’ 2021ರ ಫೆಬ್ರುವರಿಯಲ್ಲಿ ಶುರುವಾಯಿತು, 2023ರ ಕೊನೆಯ ಹೊತ್ತಿಗೆ ಅದಕ್ಕೇ ಬೇರೆ ಲಾರಿಗಳೂ ಬಂದವು. ಬಸ್ಸಿನ ದೊಡ್ಡ ಗುಣವೆಂದರೆ ಬೆಂಗಳೂರಿನಲ್ಲಿ ಹತ್ತಿಸಿದ್ದು ಹಾಸನದಲ್ಲಿ ಇಳಿಯುತ್ತದೆ, ನಡುವೆ ಯಾರೂ ಮುಟ್ಟುವುದಿಲ್ಲ. ಫೆಂಡರು, ಲ್ಯಾಂಪು, ಕನ್ನಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಾನೆಟ್ಟಿಗೆ ಮಾತ್ರ ಬಸ್ಸಿನ ಡಿಕ್ಕಿಯ ಬಾಗಿಲು ಸಾಕಾಗುತ್ತದೋ ಎಂದು ಮೊದಲೇ ಅಳೆಯಬೇಕು. ಹಿಂದೆ ಬಸ್ಸಿಗೆ ಟಾಪು ಇತ್ತು. ಕೋಳಿ ಬುಟ್ಟಿಯಿಂದ ಮಂಚದವರೆಗೆ ಎಲ್ಲವೂ ಏಣಿ ಹತ್ತಿ ಹೋಗುತ್ತಿದ್ದವು. ಆ ಟಾಪು ಹೊಸ ಬಸ್ಸುಗಳಲ್ಲಿ ಇಲ್ಲವಾದ ಮೇಲೆ ಹಳ್ಳಿಯ ದೊಡ್ಡ ಸಾಮಾನಿನ ಸಾಗಣೆಗೆ ನಿಜಕ್ಕೂ ಏಟು ಬಿತ್ತು.

ರೈಲಿನ ಮಾತು ಬಂದರೆ ಹರದನಹಳ್ಳಿಯ ಮಗನನ್ನು ನೆನೆಯದೆ ವಿಧಿಯಿಲ್ಲ. ಅವರು ಪ್ರಧಾನಿಯಾಗಿದ್ದ 1996–97ರಲ್ಲಿ ಮಂಜೂರಾದ ಬೆಂಗಳೂರು–ಶ್ರವಣಬೆಳಗೊಳ–ಹಾಸನ ಮಾರ್ಗ ಪೂರ್ತಿಯಾಗಿ ರೈಲು ಓಡಿದ್ದು 2017ರ ಮಾರ್ಚಿನಲ್ಲಿ. ಅದು ಚನ್ನರಾಯಪಟ್ಟಣದ ಮೇಲೆ ಹೋಗುತ್ತದೆ. ಹೊಳೆನರಸೀಪುರ ಇರುವುದು ಮೈಸೂರು–ಹಾಸನ ಮಾರ್ಗದಲ್ಲಿ. ಪ್ರಯಾಣಿಕರಿಗೆ ಎರಡೂ ವರ. ಬಾನೆಟ್ಟಿಗೆ ಅಷ್ಟಲ್ಲ: ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಪಾರ್ಸೆಲ್ ಬೋಗಿಯಿಂದ ಅಗಲದ ಸಾಮಾನನ್ನು ಜೋಪಾನವಾಗಿ ಇಳಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ದೆಹಲಿಯಿಂದ, ಚೆನ್ನೈನಿಂದ ಅಂಬಾಸಿಡರಿನ ಭಾರದ ಮಡ್‌ಗಾರ್ಡು ತರಿಸುವ ಹಳೆಯ ಕಾರಿನ ಹುಚ್ಚಿನವರಿಗೆ ರೈಲು ಸರಿ, ಅದೂ ದೊಡ್ಡ ನಿಲ್ದಾಣದವರೆಗೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಅವರಿಗೆ ಹತ್ತಿರದ ಅಂಗಡಿ ಎಂಬ ಮಾತೇ ಇಲ್ಲ.

ಹಾಗಾದರೆ ಅಗ್ಗದ ದಾರಿ ಯಾವುದು? ನನ್ನನ್ನು ಕೇಳಿದರೆ, ಖಾಲಿ ವಾಪಸ್ಸು ಬರುವ ಗಾಡಿ. ಚನ್ನರಾಯಪಟ್ಟಣದ ಎಳನೀರು, ತೆಂಗಿನಕಾಯಿ, ಹಾಸನ ಸೀಮೆಯ ಆಲೂಗಡ್ಡೆ, ಹೊಳೆನರಸೀಪುರದ ಕಡೆಯ ತರಕಾರಿ ರಾತ್ರಿ ಹೊತ್ತು ಬೆಂಗಳೂರಿಗೆ ಹೋಗುತ್ತವೆ; ಬೆಳಿಗ್ಗೆ ಅದೇ ಗಾಡಿಗಳು ಖಾಲಿ ಕ್ರೇಟು, ಒಂದಿಷ್ಟು ಚೀಲ ಹಾಕಿಕೊಂಡು ಹಿಂದಿರುಗುತ್ತವೆ. ರಿಟರ್ನ್ ಲೋಡಿಗೆ ಡ್ರೈವರು ಡೀಸೆಲ್ಲಿನ ಒಂದು ಪಾಲು ಬಂದರೆ ಸಾಕೆನ್ನುತ್ತಾನೆ. ಯಾರೂ ಟೇಪು ಹಿಡಿದು 5000ದಿಂದ ಭಾಗಿಸುವುದಿಲ್ಲ, ಯಾಕೆಂದರೆ ಗಾಡಿ ತುಂಬ ಇರುವುದೇ ಗಾಳಿ. ಮುಖ್ಯವಾಗಿ, ಏರಿಸುವುದು ಒಂದು ಸಲ, ಇಳಿಸುವುದು ಒಂದು ಸಲ. ಟಾಟಾ ಏಸಿನ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ. ಬಂಪರು ಉದ್ದಕ್ಕೂ, ಬಾನೆಟ್ಟು ಅಡ್ಡಕ್ಕೂ ಹಿಡಿಸುತ್ತವೆ. ಊರಿನ ಡ್ರೈವರಾದರೆ ಮಾತೂ ಸಲೀಸು: “ಅಣ್ಣ, ಮಲಗಿಸ್ಬ್ಯಾಡ, ಕ್ಯಾಬಿನ್ನಿಗೆ ಒರಗಿಸಿ ನಿಲ್ಸು, ಮೇಲೆ ಕ್ರೇಟು ಹಾಕ್ಬ್ಯಾಡ.” ಅವನು ನಾಳೆ ಬೆಳಿಗ್ಗೆ ಅದೇ ಟೀ ಅಂಗಡಿಯಲ್ಲಿ ಎದುರಾಗುವವನು. ಯಾವ ವಿಮೆಯೂ ಕೊಡದ ಭದ್ರತೆ ಅದು. ತೊಡಕು ಎಂದರೆ ರಸೀದಿ ಇರುವುದಿಲ್ಲ. ಬೆಲೆಬಾಳುವ ಸಾಮಾನಿಗೆ, ಪರಿಚಯವಿಲ್ಲದ ಗಾಡಿಗೆ ಈ ದಾರಿ ಬೇಡ.

ಭಾಗ ಮೈಸೂರಿನಲ್ಲೇ ಸಿಗುವುದಾದರೆ ಇನ್ನೂ ಒಳ್ಳೆಯದು, ಹೊಳೆನರಸೀಪುರಕ್ಕೆ ಬೆಂಗಳೂರಿಗಿಂತ ಅದು ಎಷ್ಟೋ ಹತ್ತಿರ.

ಕಟ್ಟುವ ವಿದ್ಯೆ

ಬಾನೆಟ್ ನೋಡಲು ಗಟ್ಟಿ. ಕಾರಿನ ಮೇಲೆ ಕೂತಾಗ ಅದಕ್ಕೆ ನಾಲ್ಕೂ ಕಡೆಯ ಆಸರೆ ಇರುತ್ತದೆ. ಬಿಚ್ಚಿ ಇಟ್ಟಾಗ ಅದೊಂದು ಅಗಲದ ತಗಡು ಅಷ್ಟೆ. ಮಲಗಿಸಿ ಮೇಲೆ ಒಂದು ಚೀಲ ಇಟ್ಟರೆ ನಡು ಕುಸಿಯುತ್ತದೆ. ಹೆಚ್ಚು ಪೆಟ್ಟು ತಿನ್ನುವುದು ಗಾಜಿನ ಕಡೆಯ ಎರಡು ಮೂಲೆಗಳು. ನಿಲ್ಲಿಸುವಾಗ ನೆಲಕ್ಕೆ ತಾಗುವುದು ಅವೇ. ಮೂಲೆ ಅರ್ಧ ಇಂಚು ಮಡಚಿದರೂ ಬಾನೆಟ್ ಮುಚ್ಚಿದ ಮೇಲೆ ಫೆಂಡರಿನ ಪಕ್ಕದ ಸಂದು ಒಂದು ಕಡೆ ಬೆರಳಗಲ, ಒಂದು ಕಡೆ ಕೂದಲೆಳೆ. ಟಿಂಕರು ಎಷ್ಟು ತಟ್ಟಿದರೂ ಆ ಸಂದು ಮೊದಲಿನಂತಾಗುವುದಿಲ್ಲ.

ಅಂಗಡಿಯವರು ಕೂಡಲೇ ಬಬಲ್ ರ್‍ಯಾಪ್ ಸುತ್ತುತ್ತಾರೆ. ಬಣ್ಣದ ಮೇಲೆ ನೇರವಾಗಿ ಬಬಲ್ ಕೂತು, ಏಪ್ರಿಲ್ ಬಿಸಿಲಲ್ಲಿ ತಾಡಪಾಲಿನ ಕೆಳಗೆ ಬೆಂದರೆ ಗುಳ್ಳೆ ಗುಳ್ಳೆಯ ಅಚ್ಚು ಬಣ್ಣದ ಮೇಲೆ ಉಳಿಯುವುದುಂಟು. ಮೊದಲು ತೆಳು ಫೋಮ್ ಹಾಳೆ, ಇಲ್ಲದಿದ್ದರೆ ತೊಳೆದ ಹಳೆಯ ಬೆಡ್‌ಶೀಟು. ಆಮೇಲೆ ಬಬಲ್, ಅದರ ಮೇಲೆ ರಟ್ಟು. ಅಂಟು ಟೇಪು ಬಣ್ಣಕ್ಕೆ ತಾಗಲೇಬಾರದು. ಅಂಚುಗಳಿಗೆ ಏಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಉದ್ದಕ್ಕೆ ಸೀಳಿ ತೊಡಿಸಿದರೆ ಸೊಗಸಾಗಿ ಕೂರುತ್ತದೆ. ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬೂ ಅದೇ ಕೆಲಸ ಮಾಡುತ್ತದೆ. ಮೂಲೆಗೆ ರಟ್ಟನ್ನು ನಾಲ್ಕೈದು ಮಡಿಕೆ ಮಾಡಿ ಟೊಪ್ಪಿ ಹಾಕಿ.

ದೂರದ ದಾರಿಗೆ ಮರದ ಚೌಕಟ್ಟು ಬೇಕೇ ಬೇಕು. ಪೂರ್ತಿ ಪೆಟ್ಟಿಗೆ ಬೇಡ, ತೂಕವೂ ದುಡ್ಡೂ ದಂಡ. ಮರದಂಗಡಿಯ ರೀಪರು ನಾಲ್ಕು, ಅಡ್ಡ ಪಟ್ಟಿ ಎರಡು ಸಾಕು. ಇಲ್ಲಿ ಒಂದು ಸೂಕ್ಷ್ಮವಿದೆ. ಬಾನೆಟ್ಟನ್ನು ಹಗ್ಗದಲ್ಲಿ ಬಿಗಿಯುವುದಕ್ಕಿಂತ, ಅದರ ಹಿಂಜಿನ ಬೋಲ್ಟು ತೂತುಗಳಲ್ಲೇ ಬೋಲ್ಟು ಹಾಕಿ ಅಡ್ಡಪಟ್ಟಿಗೆ ಕೂರಿಸಬೇಕು. ಕಾರಿನ ಮೇಲೆ ಅದರ ಭಾರ ಹೊರುವುದು ಆ ಜಾಗಗಳೇ. ದಾರಿಯಲ್ಲೂ ಅವೇ ಹೊರಲಿ. ಬಾಗಿಲಿಗೂ ಇದೇ ನ್ಯಾಯ. ಬಾಗಿಲು ಎರಡಿದ್ದರೆ ಹೊರಮೈಗೆ ಹೊರಮೈ ಎದುರಾಗುವಂತೆ, ನಡುವೆ ದಪ್ಪ ಫೋಮ್ ಇಟ್ಟು ಕಟ್ಟಬೇಕು. ಒಂದರ ಹಿಂಜು ಇನ್ನೊಂದರ ಕೆನ್ನೆಗೆ ತಾಗುವಂತೆ ಕಟ್ಟಿದರೆ ಶಿರಾಡಿಯವರೆಗೂ ಹೋಗಬೇಕಿಲ್ಲ, ಕುಣಿಗಲ್ಲಿಗೆ ಬರುವಷ್ಟರಲ್ಲಿ ಕುಳಿ ಬಿದ್ದಿರುತ್ತದೆ.

ಬಂಪರಿನ ಗುಣ ಬೇರೆ. ಅದಕ್ಕೆ ಬಡಿತ ಏನೂ ಮಾಡುವುದಿಲ್ಲ, ಬಿಗಿತ ಹಾಳುಮಾಡುತ್ತದೆ. ನೈಲಾನ್ ಹಗ್ಗ ಎಳೆದು ಕಟ್ಟಿ ಎರಡು ಹಗಲು ಬಿಸಿಯಲ್ಲಿ ಬಿಟ್ಟರೆ ಕಟ್ಟಿದ ಆಕಾರದಲ್ಲೇ ಸೊಟ್ಟಗೆ ನಿಂತುಬಿಡುತ್ತದೆ. ಅದಕ್ಕೆ ಒಳಹೊಟ್ಟೆಗೆ ಭತ್ತದ ಹುಲ್ಲು ತುಂಬಿದ ಗೋಣಿಚೀಲವನ್ನು ಒತ್ತಿ ಕೂರಿಸಿ, ಆಮೇಲೆ ಸುತ್ತಬೇಕು. ತೂಕ ಹೆಚ್ಚಾಯಿತೆಂದು ಹೆದರಬೇಡಿ, 79 ಕೆ.ಜಿ.ಗೆ ದುಡ್ಡು ಕೊಟ್ಟಾಗಿದೆ, ನಿಜವಾದ ತೂಕ ಐದರಿಂದ ಎಂಟಾದರೆ ಬಾಡಿಗೆ ಒಂದು ಪೈಸೆಯೂ ಏರುವುದಿಲ್ಲ. ಅಮೆರಿಕದ ಕೆಲವು ವ್ಯಾಪಾರಿಗಳು ಬಂಪರನ್ನು ಮಡಚಿ ಚಿಕ್ಕ ಡಬ್ಬಕ್ಕೆ ತುರುಕುತ್ತಾರೆ. ಬಾಡಿಗೆ ಉಳಿಯುತ್ತದೆ ನಿಜ, ಮಡಿಕೆ ಬಿದ್ದಲ್ಲಿ ಪ್ಲಾಸ್ಟಿಕ್ಕು ಬೆಳ್ಳಗಾಗಿ ಬಲ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಅದನ್ನು ಕಲಿಯುವುದು ಬೇಡ.

ಎಚ್ಚರಿಕೆ ಬರೆಯುವುದರ ಬಗ್ಗೆ ನನಗೆ ಹೆಚ್ಚು ನಂಬಿಕೆ ಇಲ್ಲ. ನಡುರಾತ್ರಿ ಲಾರಿ ಖಾಲಿಮಾಡುವ ಹಮಾಲಿ ಯಾವ ಭಾಷೆಯ ಬರಹವನ್ನೂ ಓದುತ್ತ ನಿಲ್ಲುವುದಿಲ್ಲ. ಅವನಿಗೆ ಕಾಣುವುದು ಆಕಾರ. ಮೇಲ್ತುದಿ ಚಪ್ಪಟೆ ಇದ್ದರೆ ಅದರ ಮೇಲೆ ಇನ್ನೊಂದು ಇಡುತ್ತಾನೆ, ಅದು ಅವನ ಕೆಲಸ. ಆದ್ದರಿಂದ ಚೌಕಟ್ಟಿನ ಮೇಲ್ಭಾಗವನ್ನು ಹೆಂಚಿನ ಮನೆಯ ಮಾಡಿನಂತೆ ಚೂಪಾಗಿ ಮುಗಿಸಿ, ಏನಿಟ್ಟರೂ ಜಾರುತ್ತದೆ. ಒಳಗಿರುವುದು ಕಾಣುವಂತೆ ಒಂದು ಕಡೆ ಪಾರದರ್ಶಕ ಹಾಳೆ ಬಿಟ್ಟರೂ ಒಳ್ಳೆಯದು. ಕಾಣದ ಡಬ್ಬವನ್ನು ಎಸೆಯುವ ಕೈ, ಕಾರಿನ ಬಾಗಿಲು ಕಂಡಾಗ ಸ್ವಲ್ಪ ತಡೆಯುತ್ತದೆ. ಹಿಡಿದೆತ್ತಲು ಎರಡು ಹಗ್ಗದ ಹಿಡಿ ಕಟ್ಟಿಡಿ. ಹಿಡಿ ಇಲ್ಲದ್ದನ್ನು ಎಳೆಯುತ್ತಾರೆ, ಇದ್ದದ್ದನ್ನು ಎತ್ತುತ್ತಾರೆ.

ರಸೀದಿಯ ಹಿಂಬದಿ

ಪಾರ್ಸೆಲ್ ಆಫೀಸಿನ ಎಲ್‌.ಆರ್. ಎಂಬ ಲಾರಿ ರಸೀದಿ ತೆಳು ಹಾಳೆಯದು. ಮುಂದೆ ಬಾಡಿಗೆ, ಹಮಾಲಿ, ಸ್ಟ್ಯಾಟಿಸ್ಟಿಕಲ್ ಎಂದು ಸಣ್ಣ ಸಣ್ಣ ಮೊತ್ತಗಳು. ಎಲ್ಲೋ ಮೂಲೆಯಲ್ಲಿ ‘ಓನರ್ಸ್ ರಿಸ್ಕ್’ ಎಂದು ಮುದ್ರೆ. ಆ ಎರಡು ಪದ ಕಂಡು ಬಹಳ ಜನ, ಹಾನಿಯಾದರೆ ನಮಗೇನೂ ಸಿಗುವುದಿಲ್ಲ ಎಂದು ಕೈಚೆಲ್ಲುತ್ತಾರೆ. ಹಾಗೇನೂ ಇಲ್ಲ. ಬ್ರಿಟಿಷರ ಕಾಲದ 1865ರ ಕಾಯ್ದೆಯನ್ನು ತೆಗೆದು ತಂದ ರಸ್ತೆ ಸಾಗಣೆ ಕಾಯ್ದೆ 2007ರದು. ಜಾರಿಗೆ ಬಂದದ್ದು 2011ರ ಮಾರ್ಚ್ 1ರಿಂದ. ಅದರ ನಿಯಮದ ಪ್ರಕಾರ ಸರಕು ಕಳೆದರೆ, ಹಾಳಾದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ, ನಾವು ಬರೆದುಕೊಟ್ಟ ಸರಕಿನ ಬೆಲೆಯನ್ನು ಮೀರದಂತೆ. ಹೆಚ್ಚಿನ ರಿಸ್ಕ್ ದರ ಕೊಟ್ಟು ಬುಕ್ ಮಾಡಿದರೆ ಈ ಮಿತಿ ಇಲ್ಲ.

ಬಾಡಿಗೆ 600 ರೂಪಾಯಿ, ಬಾನೆಟ್ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಪಟ್ಟು ಎಂದರೆ 6,000. ಬುಕ್ ಮಾಡುವಾಗ ಬೆಲೆಯ ಕಾಲಮಿನಲ್ಲಿ ಉದಾಸೀನದಿಂದ ‘1,000’ ಎಂದು ಬರೆಸಿದ್ದರೆ ಅಷ್ಟೇ ಗತಿ. ಕೆಲವರು ತೆರಿಗೆಯ ಭಯದಿಂದ ಕಡಿಮೆ ಬರೆಸುತ್ತಾರೆ. ಬಿಲ್ಲಿನಲ್ಲಿ ತೆರಿಗೆ ಕೊಟ್ಟಾದ ಮೇಲೆ ಯಾರ ಭಯ? ಮೂರು ಕೈ ಬದಲಾಗುವ ದಾರಿಯಲ್ಲಿ ದುಬಾರಿ ಭಾಗ ಹೋಗುವುದಾದರೆ ಆ ಹೆಚ್ಚಿನ ದರವನ್ನು ಕೇಳಿ ಕೊಡಿ. ಕೌಂಟರಿನಲ್ಲಿ ಕೂತವರಿಗೇ ಅದು ನೆನಪಿರುವುದಿಲ್ಲ, ಒತ್ತಾಯಿಸಬೇಕಾಗುತ್ತದೆ.

ಗೋಡೌನಿನಲ್ಲಿ ಸಹಿ ಹಾಕುವ ಮುಂಚೆ ಬಿಚ್ಚಬೇಕು. “ಸಾರ್, ಮನೇಗೆ ತಗೊಂಡೋಗಿ ನೋಡ್ಕೊಳಿ, ಹಿಂದೆ ಜನ ಅವ್ರೆ” ಎನ್ನುತ್ತಾರೆ. ಹಿಂದೆ ಜನ ಇದ್ದೇ ಇರುತ್ತಾರೆ. ಹಾನಿಯಿದ್ದರೆ ಎಲ್‌.ಆರ್.ನ ಅವರ ಪ್ರತಿಯಲ್ಲೇ ‘ಬಲ ಮೂಲೆ ಮಡಚಿದೆ’ ಎಂದು ಬರೆದು ಸಹಿ ಹಾಕಿ, ಅದರ ಫೋಟೊ ತೆಗೆದುಕೊಳ್ಳಿ. ಕಟ್ಟುವ ಮುಂಚೆ ಅಂಗಡಿಯಲ್ಲಿ ತೆಗೆಸಿದ ಫೋಟೊ ಇದ್ದರೆ ಜೊತೆಯಾಗುತ್ತದೆ. ಆಮೇಲೆ ಲಿಖಿತ ನೋಟಿಸು. ದಾವೆ ಹೂಡುವ ಮುಂಚೆ ಅದನ್ನು ಕೊಟ್ಟಿರಲೇಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಡೆಲಿವರಿ ಆದ ದಿನದಿಂದ ಎಣಿಸಲು ಹೊರಟು ತಪ್ಪಬೇಡಿ. ಬಾಯಿಮಾತಿನ ಭರವಸೆ, ವಾಟ್ಸ್ಆ್ಯಪಿನ ‘ನೋಡ್ತೀವಿ ಸಾರ್’ ಇವೆಲ್ಲ ಆ ದಿನಗಳನ್ನು ಸವೆಸುವುದಕ್ಕೆ ಇರುವ ಉಪಾಯಗಳು. ಸ್ಪೀಡ್ ಪೋಸ್ಟಿನಲ್ಲಿ ಒಂದು ಪುಟದ ಕಾಗದ ಕನ್ನಡದಲ್ಲೇ ಬರೆದರೂ ನಡೆಯುತ್ತದೆ: ಎಲ್‌.ಆರ್. ನಂಬರು, ತಾರೀಖು, ಏನು ಹಾಳಾಯಿತು, ಎಷ್ಟು ಬೆಲೆ. ಅದಕ್ಕೂ ಬಗ್ಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ, ವಕೀಲರಿಲ್ಲದೆಯೂ ದೂರು ಕೊಡಬಹುದು.